ಹಸಿರು ಡ್ರಿಲ್ ಕೊಂಡ ಕಾಳವ್ವಕ್ಕನಿಗೆ

ಬಡಿಗೇರ ಓಣಿ, ಬೆಟಗೇರಿ
ಜೂನ್ ಮೂವತ್ತೊಂದು, ೨೩೧೧

ಕಾಳವ್ವಕ್ಕಾ,

ನಿಮ್ಮನ್ನು ಅಜ್ಜಿಯ ಅಜ್ಜಿಯ ಅಜ್ಜಿ ಎನ್ನಬೇಕಿತ್ತು. ಆದರೆ ನಿಮ್ಮ ಬಳಗದ ಚಾಟ್ ಗ್ರೂಪಿನ ಫೋಟೋದಲ್ಲಿ ನನಗಿಂತ ತುಸುವೇ ದೊಡ್ಡವರಂತೆ ಕಾಣುತ್ತೀರಿ, ಹಾಗಾಗಿ ಅಕ್ಕ ಎಂದೇ ಬರೆಯುತ್ತೇನೆ. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಕಾಲದಲ್ಲಿ ಜೂನ್‌ಗೆ ಒಂದು ದಿನ ಹೆಚ್ಚು. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಕನ್ನಡ ಕಲಿತದ್ದು ಅರ್ಧ ಮನೆಯಲ್ಲಿ, ಅರ್ಧ ನಿಮ್ಮ ಗ್ರೂಪಿನ ಹಳೆಯ ಚಾಟ್‌ಗಳಲ್ಲಿ.

ಇದು ಹಿಂದಂಚೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಹದಿನಾರು ತುಂಬಿದವರಿಗೆ ಜೀವಮಾನಕ್ಕೆ ಒಂದೇ ಪತ್ರ. ಗೆಳತಿಯರೆಲ್ಲ ರಾಜರಿಗೆ, ವಿಜ್ಞಾನಿಗಳಿಗೆ ಬರೆದರು. ನಾನು ನಿಮ್ಮ ಹೆಸರು ಹೇಳಿದಾಗ ಅಂಚೆಯಾಕೆ, “ಯಾರವ್ವಾ ಆಕಿ, ರಾಣಿಯೇನು?” ಎಂದು ನಕ್ಕಳು. “ಡ್ರಿಲ್ ತಗೊಂಡಾಕಿರಿ,” ಎಂದೆ.

ಡ್ರಿಲ್ ತರಿಸಿದ ವಾರ ಗ್ರೂಪಿನಲ್ಲಿ ನಡೆದ ನಿಮ್ಮ ಜಗಳ ನನಗೆ ಬಾಯಿಪಾಠ. ಹಬ್ಬದ ಆಫರ್ ಬಂದಿತ್ತು. ಹಳದಿ ಕಂಪನಿಯವರು ಡ್ರಿಲ್ ಜೊತೆ ಎರಡು ಬ್ಯಾಟರಿ, ಮೇಲೊಂದು ಚೀಲ ಪುಕ್ಕಟೆ ಕೊಡುತ್ತಿದ್ದರು. ಹಸಿರು ಕಂಪನಿಯದಕ್ಕೆ ಬೆಲೆ ಹೆಚ್ಚು, ಬ್ಯಾಟರಿ ಒಂದೇ. ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಯಂತ್ರಕ್ಕೆ ಕೂರುವುದಿಲ್ಲ. ಆದರೂ ನೀವು ಹಸಿರನ್ನೇ ತರಿಸಿದಿರಿ. ಬಳಗವೆಲ್ಲ ನಿಮ್ಮ ಮೇಲೆ ಮುಗಿಬಿತ್ತು.

“ಪುಕ್ಕಟೆ ಬರೂದು ಬಿಟ್ಟು ರೊಕ್ಕಾ ಚೆಲ್ಲಿದಿ. ಭಾರಿ ಶಾಣ್ಯಾಕಿ ನೀ!” ಎಂದು ವಿರೂಪಣ್ಣ ಬರೆದರು.

“ಬಾಜೂ ಮನಿ ದಾವಲಣ್ಣಂದೂ ಹಸರ ಐತ್ರಿ,” ಎಂದಿರಿ ನೀವು. “ನಂದು ಮುಗದ್ರ ಅವಂದು ಹಾಕ್ತೀನಿ. ಅವಂದು ಮುಗದ್ರ ನಂದು ಒಯ್ತಾನ.”

“ಬ್ಯಾಟರಿ ಅಂದ್ರ ಮಸರಿನ ಹೆಪ್ಪೇನವಾ, ಮನಿಮನಿಗೆ ಕೊಡಾಕ?” ಎಂದರು ವಿರೂಪಣ್ಣ.

ಅದರ ಕೆಳಗೆ ಎಷ್ಟೊಂದು ನಗುವ ಮುಖಗಳು! ಆಮೇಲೆ ನಿಮ್ಮ ದನಿ ಸಣ್ಣದಾಯಿತು: “ಹಂಗಾರ ವಾಪಸ್ ಕಳಸ್ಲೇನ್ರಿ? ಇನ್ನೂ ಡಬ್ಬಿ ಒಡದಿಲ್ಲ.” ನಮಗೆ ಉಳಿದುಬಂದ ಚಾಟ್ ಅಲ್ಲಿಗೆ ಮುಗಿಯುತ್ತದೆ.

ಅಕ್ಕಾ, ವಿರೂಪಣ್ಣನ ಕುಚೋದ್ಯವೇ ಈಗ ನಮ್ಮ ಓಣಿಯ ಪದ್ಧತಿ. ನಿಮ್ಮನ್ನೂ ದಾವಲಣ್ಣನನ್ನೂ ನೋಡಿ ಓಣಿಯವರೆಲ್ಲ ಹಸಿರನ್ನೇ ಕೊಂಡರಂತೆ. ಹಸಿರು ಕಂಪನಿ ಮುಚ್ಚಿ ಯಾವ ಕಾಲವಾಯಿತೋ. ಬ್ಯಾಟರಿಯ ಒಳಗೆ ಈಗ ಉಪ್ಪಿನಿಂದ ಮಾಡಿದ ಕೋಶ, ಹೊರಗೆ ಮನೆಗೊಂದು ಬಣ್ಣ. ಆದರೆ ಅದನ್ನು ಯಂತ್ರಕ್ಕೆ ಜಾರಿಸಿ ಕೂರಿಸುವ ಕಚ್ಚು ಮಾತ್ರ ನಿಮ್ಮ ಹಸಿರು ಡ್ರಿಲ್ಲಿನದೇ. ಅದು ಹೊಂದುವ ಮನೆಗಳವರನ್ನು ಕಚ್ಚುನೆಂಟರು ಎನ್ನುತ್ತೇವೆ. ಮಿಕ್ಸರ್, ಹೊಲಿಗೆ ಯಂತ್ರ, ಮುದುಕರ ಉಸಿರಿನ ಯಂತ್ರ, ಎಲ್ಲಕ್ಕೂ ಅದೇ. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು ಕಚ್ಚು ಕೇಳುತ್ತಾರೆ! ದೀಪ ಹಚ್ಚಿದ ಮೇಲೆ ಮೊಸರು ಕೊಡದ ಮನೆಗಳೂ ಬ್ಯಾಟರಿ ಕೊಡುತ್ತವೆ. ಕೊಟ್ಟದ್ದೇ ತಿರುಗಿ ಬರಬೇಕೆಂದಿಲ್ಲ, ತುಂಬಿದ್ದು ಬಂದರಾಯಿತು. ಕೆರೆಯ ಆಚೆಯ ಓಣಿಯವರು ಆಫರ್ ಬಂದಂತೆಲ್ಲ ಕೊಂಡವರು. ಅಲ್ಲಿ ಮನೆಗೊಂದು ಕಚ್ಚು, ಯಾರಿಗೂ ಯಾರದೂ ಆಗುವುದಿಲ್ಲ.

ಕಳೆದ ವಾರ ಮಳೆ ಸುರಿಯುವಾಗ ನನ್ನ ತಂಗಿ ಚಿನ್ಮಯಿಯ ಕಾಲು ಗಟಾರದ ಕಬ್ಬಿಣದ ಜಾಳಿಗೆಯೊಳಗೆ ತೊಡೆಯವರೆಗೂ ಇಳಿದು ಸಿಕ್ಕಿಕೊಂಡಿತು. ಕೆಳಗೆ ನೀರು ಏರುತ್ತಿತ್ತು. ಅದು ಮೇಲೆ ಬಂದರೆ ಕಬ್ಬಿಣ ಕೊಯ್ಯುವ ಗ್ರೈಂಡರ್ ಹಿಡಿಯುವಂತಿಲ್ಲ, ಹುಡುಗಿ ಕೂತಲ್ಲೇ ಮುಳುಗುತ್ತಾಳೆ. ಅಪ್ಪ ಅವಳ ಕಾಲಿಗೆ ಒದ್ದೆ ಗೋಣಿ ಸುತ್ತಿ ಸರಳು ಕೊಯ್ಯತೊಡಗಿದ. ಗ್ರೈಂಡರ್ ಬ್ಯಾಟರಿ ನುಂಗುವ ಬಕಾಸುರ. ಒಂದು ಸರಳು ತುಂಡಾಗುವಷ್ಟರಲ್ಲಿ ನಮ್ಮದು ಸತ್ತಿತು.

“ಬ್ಯಾಟರೀ!” ಎಂದು ಅವ್ವ ಕೂಗಿದ್ದಷ್ಟೇ. ಪಕ್ಕದ ಮನೆಯ ರಜಿಯಾ ಚಾಚಿ ಹೊಲಿಗೆ ಯಂತ್ರದಿಂದ ಕಿತ್ತು ಮಾಳಿಗೆಯಿಂದಲೇ ಎಸೆದರು. ಎದುರು ಮನೆಯವರು ಮಿಕ್ಸರಿನದು ತಂದರು. ಉಸಿರಿನ ಯಂತ್ರ ಹಾಕಿಕೊಂಡು ಕೂತಿದ್ದ ಚೆನ್ನಪ್ಪಜ್ಜ ಕಿಟಕಿಯಿಂದ ಕೈ ಚಾಚಿ, “ನನಗ ಇನ್ನೊಂದೈತಿ, ಒಯ್ಯಲೇ!” ಎಂದು ಬೈದೇ ಕೊಟ್ಟರು. ಎಲ್ಲವೂ ಕಟಕ್ಕನೆ ಕೂತವು. ತಂಗಿ ಮಾತ್ರ ಅಳುತ್ತಲೇ, “ಅಪ್ಪಾ, ನನ್ನ ಗೆಜ್ಜಿ ಕೊಯ್ಯಬ್ಯಾಡ!” ಎನ್ನುತ್ತಿದ್ದಳು. ಅವಳನ್ನು ಎತ್ತಿ ಕಟ್ಟೆಯ ಮೇಲೆ ಕೂರಿಸಿದಾಗ ನೀರು ಜಾಳಿಗೆಯ ಮೇಲೆ ಹರಿಯಿತು.

ಇಗೋ, ಪಕ್ಕದಲ್ಲೇ ರೊಟ್ಟಿ ತಿನ್ನುತ್ತಿದ್ದಾಳೆ. ನಿಮ್ಮಿಂದ, ಅಕ್ಕಾ. ಎಷ್ಟು ಥ್ಯಾಂಕ್ಸ್ ಹೇಳಿದರೂ ನನಗೆ ಸಾಲದು.

ಆದರೂ ‘ವಾಪಸ್ ಕಳಸ್ಲೇನ್ರಿ’ ಎಂಬ ಚಾಟ್‌ನ ಆ ಕೊನೆಯ ಸಾಲನ್ನು ಮತ್ತೆ ಮತ್ತೆ ತೆಗೆದು ಓದುತ್ತೇನೆ. ನೀವು ವಾಪಸ್ ಕಳಿಸಲಿಲ್ಲ ಎಂದು ಬುದ್ಧಿ ಹೇಳುತ್ತದೆ, ಜೀವ ಕೇಳುವುದಿಲ್ಲ. ಅದಕ್ಕೇ ನನ್ನ ಒಂದೇ ಪತ್ರ ನಿಮಗೆ, ಆ ಸಾಲು ಬರೆದ ದಿನವೇ ಕೈ ಸೇರುವಂತೆ. ಬಳಗಕ್ಕೆ ಉತ್ತರ ಆಮೇಲೆ ಬರೆಯಿರಿ. ಮೊದಲು ಡಬ್ಬಿ ಒಡೆದು ಗೋಡೆಗೊಂದು ತೂತು ಕೊರೆಯಿರಿ, ಎಲ್ಲಾದರೂ ಸರಿ. ಧೂಳು ಹತ್ತಿದ ಮಾಲನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ.

ನಿಮ್ಮ ಕಚ್ಚುನೆಂಟಳು,
ಇಂಪನಾ