ಯಾವ ಊರಿನ ಕತ್ತಲೆ

೨೧ ನವೆಂಬರ್ ೧೯೪೫, ಬುಧವಾರ

'ಇದ್ದೂರು ಕಣ್ಣಿಗೆ ಕಾಣದು, ಬಿಟ್ಟೂರು…' ಮುಂದೇನು? ಬಿಟ್ಟೂರು ಬಿಡದು? ಬಿಟ್ಟೂರು ಕಾಡುವುದು? ಮಧ್ಯಾಹ್ನದಿಂದ ನಾಲಿಗೆಯ ತುದಿಯಲ್ಲಿದೆ. ಎಲ್ಲಿ ಓದಿದ್ದೆ, ಯಾರ ಬಾಯಲ್ಲಿ ಕೇಳಿದ್ದೆ, ಅದೂ ನೆನಪಿಲ್ಲ. ನೆನಪಿರುವ ಅರ್ಧವೂ ನಿಜವಲ್ಲ. ಮೂವತ್ತು ವರ್ಷದಿಂದ ಪುಣೆಯಲ್ಲಿದ್ದೇನೆ, ಇದೊಂದನ್ನೇ ಕಂಡಿದ್ದೇನೆ. ಕಾಣದೆ ಹೋಗುವುದು ಇನ್ನು ಮುಂದೆ.

ಸಂಸ್ಕೃತದ ಪೇಪರು ತಿದ್ದುತ್ತ ಕೂತವಳು ಇಪ್ಪತ್ತೆರಡನೆಯದಕ್ಕೆ ನಿಲ್ಲಿಸಿದೆ. ಸಾಲಿನ ಕೊನೆ ಸಿಗುವುದಿಲ್ಲ. ತಲೆ ತಿರುಗಿಸಿದರೆ ಕೊನೆ ಸಿಗುತ್ತದೆ, ಮೊದಲು ಹೋಗುತ್ತದೆ.

ಡಾಕ್ಟರು ನಿನ್ನೆ ಹೇಳಿದ್ದನ್ನು ಬರೆದುಬಿಡುತ್ತೇನೆ. ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಅಲ್ಲ. ಅದಾಗಿದ್ದರೆ ತೆಗೆಯಬಹುದಿತ್ತು. ಇದು ಕಾಚಬಿಂದು — ಕಣ್ಣಿನೊಳಗೆ ಒತ್ತಡ ಹೆಚ್ಚುವುದು. ಎಡಗಣ್ಣು ಬಹುಪಾಲು ಮುಗಿದಿದೆ. ಬಲಗಣ್ಣು ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತ ಬರುತ್ತದೆ. ದಿನಕ್ಕೆ ಮೂರು ಸಲ ಹನಿ ಹಾಕಬೇಕು. ಎಷ್ಟು ದಿನ ಎಂದೆ. ಒಂದು ವರ್ಷ, ಒಂದೂವರೆ ಎನ್ನೋಣ ಎಂದರು, ಇಂಗ್ಲಿಷಿನಲ್ಲಿ. ಅಲ್ಲಿಯವರೆಗೆ ಮರಾಠಿ ಮಾತನಾಡುತ್ತಿದ್ದರು.

ಮನೆಗೆ ಬಂದರೆ ಶಾಮಲೆಯ ಪತ್ರ. ಕಾಲೇಜಿನಲ್ಲಿ ನನ್ನ ಜೊತೆ ಓದಿದವಳು. ಈಗ ಧಾರವಾಡದ ಒಂದು ಹೆಣ್ಣುಮಕ್ಕಳ ಶಾಲೆಯ ಕಮಿಟಿಯಲ್ಲಿದ್ದಾಳೆ. ನನ್ನ ಆಜೀವ ಸದಸ್ಯತ್ವ — ಇಲ್ಲಿ ನಾನು ಕಲಿಸುವ ಶಾಲೆಯ ಸಂಸ್ಥೆಯನ್ನು ಇಪ್ಪತ್ತು ವರ್ಷ ಬಿಡುವುದಿಲ್ಲವೆಂದು ಕೊಟ್ಟ ಮಾತು — ಬರುವ ಜೂನಿಗೆ ತೀರುತ್ತದೆ ಎಂಬುದನ್ನು ಅವಳು ಲೆಕ್ಕವಿಟ್ಟಿದ್ದಾಳೆ. 'ಇನ್ನರೆ ನಿನ್ನ ಊರಿಗೆ ಬಾ. ಹೆಡ್‌ಮಿಸ್ಟ್ರೆಸ್ ಆಗು.'

ಹದಿನೈದಕ್ಕೆ ವಿಧವೆ. ಇಪ್ಪತ್ತೆಂಟಕ್ಕೆ ಎಂ.ಎ. ನಲವತ್ತೆಂಟಕ್ಕೆ…

೨೫ ನವೆಂಬರ್, ರವಿವಾರ

ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ಪುಣೆ, ಬಲಕ್ಕೆ ಧಾರವಾಡ. ಪ್ರಶ್ನೆ ಊರು ಬಿಡುವುದೋ ಇರುವುದೋ ಎಂಬುದಲ್ಲ. ಯಾವ ಊರಿನಲ್ಲಿ ಕುರುಡಿಯಾಗಲಿ ಎಂಬುದು. ಕಣ್ಣಿರುವಾಗಲೇ ಗೊತ್ತುಮಾಡಬೇಕು. ಹೋದ ಮೇಲೆ ಹೊಸ ಊರು ಕಲಿಯಲಾಗದು.

ಪುಣೆ: ಕಾಲಿಗೆ ಗೊತ್ತು. ಬಾಡಿಗೆ ಖೋಲಿಗಳ ಈ ವಾಡೆಯ ಹನ್ನೊಂದು ಮೆಟ್ಟಿಲು, ಅಂಗಳದ ನಳ, ದೊಡ್ಡ ಬಾಗಿಲು, ಓಣಿ, ಗಣಪತಿ ಗುಡಿ. ಶಾಲೆ ನನ್ನನ್ನು ಇಟ್ಟುಕೊಳ್ಳುವುದಿಲ್ಲ. ವರ್ಷಕ್ಕೆ ಆರುನೂರು ಪೇಪರು ಯಾರು ತಿದ್ದುತ್ತಾರೆ? ಆದರೆ ಈ ಖೋಲಿಯಲ್ಲಿ ಹೇಗೋ ಬದುಕಬಹುದು. ಬದುಕಿ ಏನು ಮಾಡುವುದು? ಇಲ್ಲಿ ನನಗೆ ಕನ್ನಡ ಓದಿ ಹೇಳುವವರು ಒಬ್ಬರೂ ಇಲ್ಲ. ಕಪಾಟಿನಲ್ಲಿ ಎರಡು ಸಾಲು ಕವಿತೆಯ ಪುಸ್ತಕ. ಅವು ಇಟ್ಟಿಗೆಯಾಗುತ್ತವೆ.

ಧಾರವಾಡ: ಅಲ್ಲಿ ಯಾವ ಹುಡುಗಿಯನ್ನು ಕರೆದು ಕೂರಿಸಿದರೂ ಓದುತ್ತಾಳೆ. ಆದರೆ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂಬುದೂ ಕಾಲಿಗೆ ಗೊತ್ತಿಲ್ಲ.

ಕಾಲು ಬೇಕೋ ಕಿವಿ ಬೇಕೋ.

ಸಂಜೆ ಪಕ್ಕದ ಖೋಲಿಯ ಗೌರಾಬಾಯಿಗೆ ಸುಮ್ಮನೆ ಒಂದು ಕನ್ನಡ ಪುಸ್ತಕ ಕೊಟ್ಟು ನೋಡಿದೆ. ಅಥಣಿಯ ಕಡೆಯವರು. ಮನೆಯಲ್ಲಿ ಜಗಳವೆಲ್ಲ ಕನ್ನಡದಲ್ಲೇ ಆಡುತ್ತಾರೆ. ಕಲಿತದ್ದು ಮರಾಠಿ ಶಾಲೆ.

"ಇದರಾಗ ಒಂದು ಸಾಲು ಓದ್ರಿ ನೋಡೋಣ."

ಪುಸ್ತಕವನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ಎಲ್ಲಾ ಅಕ್ಷರ ತಲೀಮ್ಯಾಲೆ ಪಗಡಿ ಸುತ್ಕೊಂಡು ಕುಂತಂಗ ಕಾಣತಾವ್ರಿ ಬಾಯಾರ. ಯಾವ ಪಗಡಿ ಕೆಳಗ ಯಾವ ಮಾರಿ ಅದ, ಗುರ್ತಽ ಹತ್ತೂದಿಲ್ಲ. ನಿಮಗೇನು, ಕಣ್ಣದಾವ, ಓದ್ಕೋರಿ."

ನಕ್ಕೆ.

೬ ಡಿಸೆಂಬರ್, ಗುರುವಾರ

ಹಾಜರಿ ಕರೆಯುವಾಗ ಪ್ರಫುಲ್ಲಾಳನ್ನು ಗೈರು ಎಂದು ಬರೆದೆ. ಎಡಗಡೆಯ ಗೋಡೆಯ ಬೆಂಚಿನಲ್ಲಿ ಕೂತಿದ್ದಳು. ಎರಡು ಸಲ 'ಹಾಜರ್' ಎಂದಳಂತೆ. ಸದ್ದು ಬಂದ ಕಡೆ ತಿರುಗಿ ಹುಡುಕಿ ಮತ್ತೆ ಗೈರು ಎಂದೇ ಬರೆದೆನಂತೆ. ಕೊನೆಗೆ ಮೇಜಿನ ಮುಂದೆ ಬಂದು ನಿಂತಳು. "ಬಾಯಿ, ನನ್ನ ಮೇಲೆ ಸಿಟ್ಟೇ?" ಎಂದಳು ಮರಾಠಿಯಲ್ಲಿ. ಹೌದು ಎಂದುಬಿಟ್ಟೆ. ಬೇರೇನು ಹೇಳಲಿ? ಮಧ್ಯಾಹ್ನವೆಲ್ಲ ಅತ್ತಳಂತೆ.

೧೮ ಡಿಸೆಂಬರ್, ಮಂಗಳವಾರ

ಸೈಕಲ್ ಹಾಯಿತು. ಚೌಕದಲ್ಲಿ. ಈ ಊರಿನ ಸೈಕಲ್ಲುಗಳು ಈಚೆಗೆ ಎಲ್ಲಿಂದಲೋ ಬರುವುದಿಲ್ಲ; ಇಲ್ಲದ ಕಡೆ ಹುಟ್ಟುತ್ತವೆ. ಮೊಣಕೈ ತರಚಿದೆ. ಸೈಕಲ್ಲಿನವನು ಬಿದ್ದು ಎದ್ದು, 'ಬಾಯಿ, ಕಾಣಿಸುವುದಿಲ್ಲವೇ?' ಎಂದ. ಇದುವರೆಗೆ ಯಾರೂ ನನ್ನನ್ನು ಕೇಳದ ಪ್ರಶ್ನೆ. ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಹೋಗಿದ್ದ.

೨೮ ಡಿಸೆಂಬರ್, ಶುಕ್ರವಾರ. ಧಾರವಾಡ

ನಾತಾಳದ, ಕ್ರಿಸ್‌ಮಸ್ಸಿನ, ರಜೆ. ನೋಡಿಕೊಂಡು ಹೋಗಲು ಬಂದೆ.

ಸ್ಟೇಶನ್ನಿನಲ್ಲಿ ಹಮಾಲ ಬಂದು, "ಎಲ್ಲಿಗೆ ಒಯ್ಯೂಣ್ರಿ ಯವ್ವಾ?" ಎಂದ. ನಾನು ಮರಾಠಿಯಲ್ಲಿ ಉತ್ತರ ಕೊಟ್ಟೆ. ಕನ್ನಡದಲ್ಲಿ ಕೇಳಿದವನಿಗೆ. ಅವನು ಪಾಪ, ಮುರುಕು ಮರಾಠಿಗೆ ಇಳಿದ. ನಾನೂ ಬಿಡದೆ ಮುಂದುವರಿದೆ. ಟಾಂಗಾದವರೆಗೆ ಇಬ್ಬರು ಕನ್ನಡಿಗರು ಹಾಗೇ ನಡೆದೆವು. ಮೂವತ್ತು ವರ್ಷ ಕನ್ನಡ ನನಗೆ ಬಾಗಿಲು ಹಾಕಿಕೊಂಡ ಮೇಲಿನ ಭಾಷೆ. ಬೀದಿಯಲ್ಲಿ ಅದು ಎದುರಾದಾಗ ನಾಚಿಕೆಯಾಯಿತು, ಒಳಮನೆಯ ಮಾತನ್ನು ಯಾರೋ ಕದ್ದು ಕೇಳಿದ ಹಾಗೆ.

ಶಾಮಲೆಗೆ ಎಲ್ಲ ಹೇಳಿದೆ. ಮುಚ್ಚಿಟ್ಟು ಕೆಲಸ ಹಿಡಿಯುವುದು ನನ್ನಿಂದಾಗದು. ಪೂರ್ತಿ ಕೇಳಿಸಿಕೊಂಡಳು. ಆಮೇಲೆ:

"ಹೆಡ್‌ಮಿಸ್ಟ್ರೆಸ್ ಆಗೂದು ಬಿಡು. ರಜಿಸ್ಟರು, ಇನ್‌ಸ್ಪೆಕ್ಟರು — ಅದು ಆಗೂ ಮಾತಲ್ಲ. ಆದ್ರ ಸಂಸ್ಕೃತ ಬಾಯಿಲೆ ಹೇಳಿಕೊಡ್ಲಿಕ್ಕೆ ಕಣ್ಣು ಯಾಕ ಬೇಕು? ಹಾಸ್ಟೆಲಿನ್ಯಾಗ ಒಂದು ಕೋಣಿ ಕೊಡಸ್ತೇನಿ. ಸಂಜೀಕ ಹುಡಿಗ್ಯಾರು ಓದಿ ಹೇಳ್ತಾರ."

"ಕಮಿಟಿ ಒಪ್ಪತದ?"

"ನಾ ಒಪ್ಪಸ್ತೇನಿ. ಒಂದಽ ಮಾತು, ನರ್ಮದಾ. ಸಿಟ್ಟಾಗಬ್ಯಾಡ. ಹಾಸ್ಟೆಲಿನಿಂದ ಶಾಲೀಗೆ ರಸ್ತೆ ದಾಟಿ ಹೋಗಬೇಕು. ಕೈ ಹಿಡಕೊಂಡು ಅಡ್ಡಾಡಸ್ಲಿಕ್ಕೆ ನಮ್ಮ ಕಡೆ ಆಳಿಲ್ಲ. ಅದೊಂದು ನಿನಗ ಆಗತದ?"

ಗೊತ್ತಿಲ್ಲ ಎಂದೆ.

"ಗೊತ್ತು ಮಾಡ್ಕೊಂಡು ಬರಿ. ಆಗೂದಿಲ್ಲಂದ್ರ ಬರಬ್ಯಾಡ. ಇಲ್ಲಿಗೆ ಬಂದು ಆಗಲಿಲ್ಲಂದ್ರ ನಾ ನಿನ್ನ ಎಲ್ಲಿಡಲಿ?"

ಒಳ್ಳೆಯ ಸ್ನೇಹಿತೆ. ಇಷ್ಟು ನೇರವಾಗಿ ಡಾಕ್ಟರೂ ಮಾತನಾಡಲಿಲ್ಲ.

೭ ಜನವರಿ ೧೯೪೬, ಸೋಮವಾರ

ಪರೀಕ್ಷೆ ನಾನೇ ಇಟ್ಟುಕೊಂಡಿದ್ದೇನೆ. ದಿನವೂ ಮುಂಜಾನೆ ಆರಕ್ಕೆ, ಹೊಸ್ತಿಲು ದಾಟಿದ ಕೂಡಲೇ ಕಣ್ಣು ಮುಚ್ಚುವುದು. ಗಣಪತಿ ಗುಡಿಯ ಗಂಟೆಗೆ ಕೈ ತಾಗಿದ ಮೇಲೆ ತೆರೆಯುವುದು. ಬರುವಾಗ ತೆರೆದ ಕಣ್ಣು. ಮೂವತ್ತು ವರ್ಷದ ದಾರಿ. ಇದೇ ಆಗದಿದ್ದರೆ ಧಾರವಾಡದ ರಸ್ತೆಯ ಮಾತೇ ಇಲ್ಲ. ಆದರೆ — ಕಾಲಿಗೆ ವಿದ್ಯೆ ಹತ್ತುತ್ತದೆ ಎಂದಾದರೆ ಎಲ್ಲಿಯಾದರೂ ಹತ್ತೀತು. ಅಲ್ಲಿ ಕಲಿಯಲು ಇನ್ನೂ ಆರೆಂಟು ತಿಂಗಳ ಕಣ್ಣು ಉಳಿದಿರುತ್ತದೆ.

ಇವತ್ತು ಮೆಟ್ಟಿಲು ಇಳಿದೆ. ಹತ್ತಕ್ಕೆ ಮುಗಿಯಿತೆಂದು ಹೆಜ್ಜೆ ಇಟ್ಟೆ. ಹನ್ನೊಂದನೆಯದು ಬಿತ್ತು. ನಾನೂ ಬೀಳುವವಳಿದ್ದೆ.

೧೦ ಜನವರಿ, ಗುರುವಾರ

ನಳದ ಹತ್ತಿರ ಗೌರಾಬಾಯಿಯ ಬಕೀಟಿಗೆ ಬಡಿದೆ. ಮೊಣಕಾಲ ಕೆಳಗೆ ಬಾತಿದೆ. ನೀರೆಲ್ಲ ಅಂಗಳಕ್ಕೆ.

"ಬಕೀಟಿಗೆ ಕಾಲಿಲ್ರಿ ಬಾಯಾರ, ಅದು ನಿಮಗ ಅಡ್ಡ ಬರೂದಿಲ್ಲ. ನೀವಽ ಅದಕ್ಕ ಅಡ್ಡ ಹ್ವಾದ್ರಿ. ಕಣ್ಣು ಮುಚ್ಕೊಂಡು ಎಲ್ಲಿಗೆ ಹೊಂಟೀರಿ?"

ಜಪ ಎಂದೆ. ಕಣ್ಣು ಮುಚ್ಚಿದ್ದಕ್ಕೆ ಒಂದು ಕಾರಣ ಬೇಕಲ್ಲ.

"ಚಲೋ ಆತು. ಯಾವ ದೇವರದು?"

ಇನ್ನೂ ಗೊತ್ತು ಮಾಡಿಲ್ಲ ಎಂದೆ. ಬಕೀಟು ಎಳೆದುಕೊಂಡರು. ಆಮೇಲೆ ಮತ್ತೆ ನೀರು ಹಿಡಿಯುವ ಸದ್ದು.

೨೭ ಜನವರಿ, ರವಿವಾರ

ಹದಿನೇಳು ದಿನ. ಎಡವಿಲ್ಲ.

ನಂಬಿಕೆ ಬರುತ್ತಿಲ್ಲ. ನಂಬದಿರಲು ಕಾರಣವೂ ಇಲ್ಲ. ನಳದ ಸುತ್ತ ಆ ಹೊತ್ತಿಗೆ ಆರು ಮನೆಯ ಹೆಂಗಸರು ಇರುತ್ತಾರೆ; ನಾನು ಹಾದುಹೋಗುವಾಗ ಮಾತು ಸ್ವಲ್ಪ ತಗ್ಗುತ್ತದೆ, ಅಷ್ಟೆ. ಜಪಕ್ಕೆ ಮರ್ಯಾದೆ.

ಕಾಲು ಇಷ್ಟು ಬುದ್ಧಿವಂತ ಎಂದು ಗೊತ್ತಿರಲಿಲ್ಲ. ಇಷ್ಟು ವರ್ಷ ತಲೆಗಷ್ಟೇ ಕಲಿಸಿದೆ.

೧೭ ಮಾರ್ಚ್, ರವಿವಾರ

ಏಳು ವಾರ ಬರೆದಿಲ್ಲ. ಬರೆಯಲು ಏನಿದೆ? ಎಡಗಣ್ಣು ಹೋಯಿತು. ಫೆಬ್ರವರಿಯ ಒಂದು ಮಧ್ಯಾಹ್ನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದೆ. ಬೂದಿ ಬಣ್ಣ. ಕಿಟಕಿ ಇರಬೇಕಾದಲ್ಲಿ ಸ್ವಲ್ಪ ತಿಳಿ ಬೂದಿ. ಕೈ ತೆಗೆಯಲು ಬಹಳ ಹೊತ್ತು ಧೈರ್ಯವಾಗಲಿಲ್ಲ. ತೆಗೆದ ಮೇಲೂ ಹಾಗೇ ಇದ್ದರೆ?

ಡಾಕ್ಟರು ಈಗ ಒಂದೂವರೆ ವರ್ಷದ ಮಾತು ಎತ್ತುವುದಿಲ್ಲ.

ಕವಿತೆ ಬಾಯಿಪಾಠ ಮಾಡುತ್ತಿದ್ದೇನೆ. ದಿನಕ್ಕೆ ಎಂಟು ಸಾಲು. ನಿನ್ನೆ ಕಲಿತದ್ದರಲ್ಲಿ ಇಂದು ಐದು ಉಳಿದಿರುತ್ತದೆ. ಹದಿನೈದರಲ್ಲಿ ಕಲಿತ ಸ್ತೋತ್ರಗಳೆಲ್ಲ ಇವೆ, ಬೇಡವೆಂದರೂ ಹೋಗುವುದಿಲ್ಲ. ಬೇಕಾದದ್ದು ನಿಲ್ಲುವುದಿಲ್ಲ. ಯಾರಾದರೂ ಓದಿ ಹೇಳಬೇಕು. ಓದಿ ಹೇಳುವವರಿಲ್ಲದೆ ಇಪ್ಪತ್ತು ವರ್ಷ ಬದುಕಿದರೆ? ನಮ್ಮ ಮನೆತನದ ಹೆಂಗಸರು ಎಪ್ಪತ್ತು ದಾಟುತ್ತಾರೆ.

ನಡಿಗೆ ಮಾತ್ರ ತಪ್ಪಿಲ್ಲ. ದಿನದಲ್ಲಿ ಅದೊಂದೇ ಹೊತ್ತು ಭಯವಾಗುವುದಿಲ್ಲ. ಕಣ್ಣು ತೆರೆದಾಗ ಬಾಗಿಲ ಚೌಕಟ್ಟಿಗೆ ಹಣೆ ಬಡಿಯುತ್ತದೆ, ಮುಚ್ಚಿದಾಗ ಇಲ್ಲ. ಯಾಕೆ?

೪ ಏಪ್ರಿಲ್, ಗುರುವಾರ

ಗೌರಾಬಾಯಿಯ ಬಕೀಟಿಗೆ ಬಡಿದ ಮೇಲೆ ಎಂಬತ್ತನಾಲ್ಕು ದಿನ. ಒಮ್ಮೆಯೂ ಇಲ್ಲ. ಮೊನ್ನೆ ಗುಡಿಯಿಂದ ಮರಳುವಾಗ ನೋಡಿದರೆ ಓಣಿಯಲ್ಲಿ ಇದ್ದಿಲಿನ ಕೈಗಾಡಿ, ಅಷ್ಟು ದೊಡ್ಡದು, ಗೋಡೆಗೆ ಒತ್ತಿ ನಿಂತಿತ್ತು. ಅದರ ಪಕ್ಕದಲ್ಲೇ ಹೋಗಿದ್ದೆ. ಸೆರಗೂ ತಾಗಿರಲಿಲ್ಲ.

ಇನ್ನು ಅನುಮಾನ ಬೇಡ. ಶಾಮಲೆಗೆ ಬರೆದೆ: 'ಆಗುತ್ತದೆ. ಮೂರು ತಿಂಗಳು ಪರೀಕ್ಷೆ ಮಾಡಿದ್ದೇನೆ. ಬರುತ್ತೇನೆ.' ಒಂದು ಹಾಳೆಗೆ ಈಗ ಎಂಟೇ ಸಾಲು ಹಿಡಿಯುತ್ತದೆ, ಅಷ್ಟು ದೊಡ್ಡ ಅಕ್ಷರ. ಮಕ್ಕಳ ಪತ್ರದಂತೆ ಕಂಡಿರಬೇಕು ಅವಳಿಗೆ.

ಅಂಚೆ ಪೆಟ್ಟಿಗೆಗೆ ಹಾಕಿ ಬಂದು ಮಂಚದ ಮೇಲೆ ಕೂತೆ. ಕೂತಲ್ಲಿ ಕೂರಲಾಗದೆ ಎದ್ದು ಪುಸ್ತಕಗಳನ್ನು ಎಣಿಸತೊಡಗಿದೆ. ಸಂತೋಷವಿರಬಹುದು. ಗುರುತು ಸಿಗಲಿಲ್ಲ.

೧೨ ಮೇ, ರವಿವಾರ

ಖೋಲಿ ಬಿಡುತ್ತೇನೆ ಎಂದು ಮಾಲೀಕರಿಗೆ ತಿಳಿಸಿ ಮೂರು ದಿನವಾಗಿಲ್ಲ, ಬೇರೆಯವರು ಗೊತ್ತಾಗಿಬಿಟ್ಟರು. ಯುದ್ಧ ಮುಗಿದ ಮೇಲೆ ಪುಣೆಯಲ್ಲಿ ನಾಯಿಗೂಡೂ ಖಾಲಿ ಇಲ್ಲ. ಐದು ಜನರ ಸಂಸಾರ. ಬಂದು ಗೋಡೆಗಳನ್ನು ಅಳೆದು ಹೋದರು. ಇನ್ನು ಹಿಂದಕ್ಕೆ ಬರುವಂತಿಲ್ಲ. ಶಾಲೆಯಲ್ಲಿಯೂ ಬೀಳ್ಕೊಡುಗೆ ಆಯಿತು — ಹಾರ, ತೆಂಗಿನಕಾಯಿ, ಎಷ್ಟೋ ಜನರ ಮುಖ. ನನಗೆ ಕಂಡದ್ದು ಒಂದು ಸಲಕ್ಕೆ ಒಂದು ಮೂಗು.

ಗೌರಾಬಾಯಿ ಪಾತ್ರೆ ಕಟ್ಟಲು ಬಂದಿದ್ದರು.

"ಕನ್ನಡದ ಊರಿಗೆ ಹೊಂಟೀರಿ. ಅಲ್ಲಿ ಹೋಗಿ ಮರಾಠಿ ಬೈಗಳ ನೆನಸ್ಕೊಂಡು ಅಳಬ್ಯಾಡ್ರಿ ಮತ್ತ."

"ನೀವು ಕನ್ನಡದಾಗ ಬೈದಿದ್ದು ಸಾಲೂದಿಲ್ಲೇನು?"

"ನಾ ಎಲ್ಲಿ ಬೈದೇನ್ರೀ? ಎಲ್ಲಾ ನಮ್ಮನಿಯವರಿಗೆ ಬೈದದ್ದು. ಗ್ವಾಡಿ ತೆಳ್ಳಗದ, ನಿಮ್ಮ ಪಾಲಿಗೂ ಒಂದಿಷ್ಟು ಬಂತು."

ಅವರ ಮನೆಯವರು ಕೃಷ್ಣಾಜಿ, ಸ್ಟೇಶನ್ನಿನ ಪಾರ್ಸೆಲ್ ಆಫೀಸಿನಲ್ಲಿ ಕೆಲಸ. ಹದಿನಾಲ್ಕು ವರ್ಷದ ನೆರೆ. ನನ್ನ ಜೊತೆ ಹದಿನಾಲ್ಕು ಮಾತು ಆಡಿರಲಿಕ್ಕಿಲ್ಲ. ಹೊಸ್ತಿಲಾಚೆ ನಿಂತು ಹಗ್ಗ ಬಿಗಿದು ಹೋದರು.

ಅವರು ಹೋದ ಮೇಲೆ ನವೆಂಬರಿನಲ್ಲಿ ಗೆರೆ ಎಳೆದ ಹಾಳೆಯನ್ನು ತೆಗೆದೆ. ಹಾಳೆಯ ಎಡಭಾಗದಲ್ಲಿ ಇವರನ್ನು ಯಾಕೆ ಬರೆಯಲಿಲ್ಲ? ಮೆಟ್ಟಿಲು ಬರೆದೆ, ನಳ ಬರೆದೆ. ಇವರನ್ನು ಬರೆಯಲಿಲ್ಲ. ಬರೆದಿದ್ದರೆ ತೂಕ ಬದಲಾಗುತ್ತಿತ್ತೇ? ಇಲ್ಲ. ಕಾಲಿದೆ, ಅದು ನನ್ನದು, ನನ್ನ ಜೊತೆ ಬರುತ್ತದೆ. ಉಳಿದದ್ದನ್ನು ಯಾರೂ ಕಟ್ಟಿಕೊಂಡು ಹೋಗಲಾರರು.

೨೪ ಮೇ, ಶುಕ್ರವಾರ. ಮುಂಜಾನೆ ೮

ಟಾಂಗಾ ಬಂದು ನಿಂತಿದೆ. ಪುಸ್ತಕದ ಪೆಟ್ಟಿಗೆಗಳು ಕೆಳಗೆ ಹೋದವು. ಕೀಲಿ ಮಾಲೀಕರಿಗೆ ಕೊಟ್ಟೆ. ಖಾಲಿ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಬರೆಯಲೇಬೇಕು, ಟಾಂಗಾದವನು ಕೂಗಲಿ.

ಈಗ ಗೌರಾಬಾಯಿ ಬಾಗಿಲಿಗೆ ಬಂದಿದ್ದರು. ದಶಮಿ ರೊಟ್ಟಿ, ಶೇಂಗಾ ಚಟ್ನಿ, ಬುತ್ತಿ ಕಟ್ಟಿ ತಂದಿದ್ದರು. ಕೈಯಲ್ಲಿಟ್ಟರು. ಹೋಗಲಿಲ್ಲ.

"ಬಾಯಾರ, ಅಲ್ಲಿ ನಿಮ್ಮ ಬಾಜೂ ಖೋಲ್ಯಾಗ ಯಾರಿರ್ತಾರ?"

ಗೊತ್ತಿಲ್ಲ ಎಂದೆ. ಯಾಕೆ?

"ಗೊತ್ತಾದ ಕೂಡ್ಲೆ ಹೆಸರು ಬರದು ಕಳಸ್ರಿ. ನಮ್ಮನಿಯವರ ಕಡಿಂದ ಅವರಿಗೊಂದು ಕಾರ್ಡು ಬರಸ್ತೀನಿ. ಹೊಸಾ ಮಂದಿ, ಅವರಿಗೇನು ತಿಳೀತದ? ಇಲ್ಲಿ ನೀವು ನನ್ನ ಬಕೀಟಿಗೆ ಬಡದ ದಿನಾನಽ ನಾ ವಾಡ್ಯಾಗ ಎಲ್ಲಾರಿಗೂ ಹೇಳಿದ್ದೆ, ಬಾಯಾರಿಗೆ ಕಾಣೂದಿಲ್ಲ, ಕೇಳಬ್ಯಾಡ್ರಿ, ಹೇಳೂದಿದ್ರ ಅವರಽ ಹೇಳ್ತಾರ ಅಂತ. ಮುಂಜಾನೆ ಆರಕ್ಕ ನಳದ ಮುಂದ ಯಾರೂ ಕೊಡಾ ಇಡಲಿಲ್ಲ. ಓಣ್ಯಾಗ ನಮ್ಮನಿಯವರು ನಾಕು ಹೆಜ್ಜಿ ಮುಂದ ಇರ್ತಿದ್ರು, ಗುಡಿ ಮಟಾ. ಸೈಕಲ್ಲು, ಕೈಗಾಡಿ, ನಾಯಿ, ಏನಿದ್ರೂ ಬಾಜೂಕ ಸರಸ್ಕೋತ. ಸಪ್ಪಳಾದ್ರ ನಿಮಗ ಗೊತ್ತಾಗತದ ಅಂತ ಚಪ್ಲಿ ಕೈಯಾಗ ಹಿಡಕೊಂಡು. ಅದನ್ನಽ ಬರಸ್ತೀನಿ, ಭಾಳೇನಿಲ್ಲ — ನಾಕು ಹೆಜ್ಜಿ ಮುಂದಿರ್ರಿ, ಚಪ್ಲಿ…"