ನಡಿಗೆಯ ಪರೀಕ್ಷೆಗೆ ವೀಲ್‌ಚೇರ್‌ನಲ್ಲಿ ಬರಬೇಕಂತೆ

ಆಸ್ಪತ್ರೆಯ ಮಾನ್ಯ ಆಡಳಿತಾಧಿಕಾರಿಗಳೇ,

ಎರಡನೇ ಮಹಡಿಯ ಕಾರಿಡಾರಿನಿಂದ ನೀವು ಕಸವೆಂದು ಕೀಳಿಸಿದ ಹಳದಿ ಟೇಪುಗಳ ಮೇಲೆ ನಾನು ನಡೆಯುತ್ತಿದ್ದೆ. ಅವು ವಾಪಸ್ ಬೇಕು. ಮೂರು ಅರ್ಜಿ ಕೊಟ್ಟು ಸಾಕಾಗಿ, ಊರೆಲ್ಲ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ಬಸ್ ಓಡಿಸಿದವನು. ಆರು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುವುದು ಎಲ್ಲರಿಗೂ ಕಾಣುತ್ತದೆ, ಕಾಲಿನ ಹಟ ಕಾಣುವುದಿಲ್ಲ. ಬಾಗಿಲು ಬಂತೆಂದರೆ ಪಾದ ನೆಲಕ್ಕೆ ಅಂಟಿಬಿಡುತ್ತದೆ. "ಏನ್ರೀ, ಅಲ್ಲೇ ಬೇರು ಬಿಟ್ರಾ? ನಾನೂ ಒಳಗ್ ಬರ್ಬೇಕು" ಎಂದು ಹೆಂಡತಿ ರೇಗಿಸುತ್ತಾಳೆ. ಬಿದ್ದಾಗ ಎತ್ತುವವಳೂ ಅವಳೇ. ಅವಳ ಸೊಂಟ ಆಗಲೇ ಹೋಗಿದೆ. ನಾನು ಪೂರ್ತಿ ಕುಳಿತುಬಿಟ್ಟರೆ ಅವಳ ಗತಿಯೇನು ಎಂಬ ಭಯ ನನಗೆ ಕಾಯಿಲೆಗಿಂತ ದೊಡ್ಡದು.

ನಿಮ್ಮದೇ ಆಸ್ಪತ್ರೆಯ ನರರೋಗದ ಡಾಕ್ಟರಮ್ಮ ಇದರ ಮೇಲೆಯೇ ಸಂಶೋಧನೆ ಮಾಡುತ್ತಿದ್ದರು. ಹೆಜ್ಜೆಗೊಂದರಂತೆ ಅಡ್ಡಲಾಗಿ ಟೇಪು ಅಂಟಿಸಿ, "ಬೇರೇನೂ ಯೋಚಿಸ್ಬೇಡಿ, ಗೆರೆ ದಾಟಿ ಅಷ್ಟೇ" ಎಂದರು. ದಾಟಿದೆ. ಅಯ್ಯೋ, ಆ ದಿನದ ಖುಷಿ! ಬರಿಯ ನೆಲದ ಮೇಲೆ ಏಳದ ಕಾಲು ಗೆರೆ ಕಂಡರೆ ಏಳುತ್ತದಂತೆ. ಯಾರಿಗೆ ಎಷ್ಟು ಅಂತರದ ಗೆರೆ ಬೇಕು ಎಂಬುದೇ ಅವರ ಹುಡುಕಾಟ. ಆ ಅಳತೆ ಸಿಕ್ಕರೆ ಮನೆಯಲ್ಲೂ ಅಂಟಿಸಿಕೊಳ್ಳಬಹುದು. ಅಂದಾಜಿನ ಮೇಲೆ ಅಂಟಿಸಿದರೆ ಮುಗ್ಗರಿಸುತ್ತೇವೆ, ಮಾಡಿ ನೋಡಿಯಾಗಿದೆ. ನಲವತ್ತು ಜನ ಹನ್ನೊಂದು ತಿಂಗಳು ನಡೆದೆವು. ಇನ್ನೊಂದೇ ತಿಂಗಳು ಬಾಕಿ ಇತ್ತು.

ಅಷ್ಟರಲ್ಲಿ ಮೇಲಿನವರ ತಪಾಸಣೆ ಬಂತು. ನೆಲ ಫಳಫಳ ಹೊಳೆಯಬೇಕಲ್ಲ! ಟೇಪು ಹೋಯಿತು. ಮರುದಿನ ಬಂದ ನಾನು ಕಾರಿಡಾರಿನ ಬಾಗಿಲಲ್ಲೇ ನಿಂತುಬಿಟ್ಟೆ. ಹಿಂದಿದ್ದ ಅಟೆಂಡರ್, ಪಾಪ, ಒಳ್ಳೆಯ ಮನಸ್ಸಿನಿಂದಲೇ, "ನಡೀರಿ ಅಜ್ಜಾ" ಎಂದು ಬೆನ್ನಿಗೆ ಕೈ ಕೊಟ್ಟ. ಮೈ ಹೋಯಿತು, ಕಾಲು ಬರಲಿಲ್ಲ. ಹಣೆಗೆ ಐದು ಹೊಲಿಗೆ ಬಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಕರ್ಮ ಎಂದು ಸುಮ್ಮನಿರುತ್ತಿದ್ದೆ. ವಾರದೊಳಗೆ ತಮ್ಮ ಸುತ್ತೋಲೆ ಹೊರಟಿತು: ಸುರಕ್ಷತೆಯ ದೃಷ್ಟಿಯಿಂದ, ಚಲನೆಯ ತೊಂದರೆಯುಳ್ಳ ರೋಗಿಗಳು ಆ ಮಹಡಿಯಲ್ಲಿ ಕಡ್ಡಾಯವಾಗಿ ವೀಲ್‌ಚೇರ್ ಬಳಸತಕ್ಕದ್ದು. ಎಂಥ ಕಾಳಜಿ ಸ್ವಾಮಿ! ನೆಗಡಿ ಬಂತೆಂದು ಮೂಗು ಕೊಯ್ದ ಹಾಗಾಯಿತು. ನಡಿಗೆಯ ಪರೀಕ್ಷೆಗೆ ಕೂತು ಬರಬೇಕೇ? ಕೂತವರ ಹೆಜ್ಜೆಯನ್ನು ಡಾಕ್ಟರಮ್ಮ ಹೇಗೆ ಅಳೆಯಬೇಕು? "ಆದೇಶ ಆಗ್ಬಿಟ್ಟಿದೆ, ನಾನೇನ್ಮಾಡ್ಲಿ ಹೇಳಿ" ಎಂದು ಅವರು ನಮ್ಮ ಹೆಜ್ಜೆ ಸೆರೆಹಿಡಿಯುತ್ತಿದ್ದ ಕ್ಯಾಮೆರಾ ಎತ್ತಿಟ್ಟಿದ್ದಾರೆ.

ಸುತ್ತೋಲೆ ಹಿಂಪಡೆಯಿರಿ. ಟೇಪು ಅಂಟಿಸಲು ಬಿಡಿ. ಒಂದು ತಿಂಗಳು ಆ ನೆಲ ಕೊಳಕಾಗಿಯೇ ಇರಲಿ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಮಾತ್ರ ಬೇಡ. ನಲವತ್ತರಲ್ಲಿ ಇಬ್ಬರು ಆಗಲೇ ಏಳುವುದನ್ನು ಬಿಟ್ಟಿದ್ದಾರೆ. ನಿನ್ನೆ ನಾನೂ ಮೊದಲ ಸಲ ಊಟವನ್ನು ಮಂಚಕ್ಕೇ ತರಿಸಿಕೊಂಡೆ. ಆರಾಮ ಎನಿಸಿತು. ಅದಕ್ಕೆ ಹೆದರಿ ಇದನ್ನು ಬರೆಯುತ್ತಿದ್ದೇನೆ.

ಇಂತಿ,
ಈ ವಾರದ ಮಟ್ಟಿಗೆ ಇನ್ನೂ ನಿಂತಿರುವ,
ಒಬ್ಬ ನಿವೃತ್ತ ಬಸ್ ಚಾಲಕ