ಕಿತ್ತಳೆ ಬಣ್ಣದ ನಾಲಿಗೆ

ಮಾರ್ಚ್ ೪, ಮಂಗಳವಾರ

ಹಲ್ಲಿನ ಕ್ಲಿನಿಕ್ಕಿನಲ್ಲಿ ಇವತ್ತೂ ಅದೇ. ಕುರ್ಚಿಯಲ್ಲಿ ಒರಗಿಸಿ, ಬಾಯಿ ಬಿಡಿ ಎಂದರೆ ಒಳಗೆ ಕೊಳೆ. ಹುಡುಗಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಹಲ್ಲಿನ ಬುಡವೆಲ್ಲ ನೆನೆದ ಸೀಮೆಸುಣ್ಣ. ಡಾಕ್ಟರಮ್ಮ ಡ್ರಿಲ್ ಹಿಡಿದರು, ನಾನು ಎಂಜಲು ಹೀರುವ ಸಕ್ಷನ್ ಪೈಪು. ಆ ವಾಸನೆಗೆ ಮಾಸ್ಕ್ ಯಾವ ಮೂಲೆಗೂ ಸಾಲದು. ಇಷ್ಟು ವರ್ಷವಾದರೂ ಅಭ್ಯಾಸವಾಗಿಲ್ಲ.

"ಕೂಲ್ ಡ್ರಿಂಕ್ಸ್ ಕುಡೀತೀಯೇನಮ್ಮ?"

"ಜಾಸ್ತಿ ಇಲ್ಲ ಮ್ಯಾಮ್. ದಿನಾ ಒಂದು ಬಾಟ್ಲಿ. ದೊಡ್ಡದು."

ಜಾಸ್ತಿ ಇಲ್ಲವಂತೆ.

ಮನೆಗೆ ಬಂದರೆ ತಮ್ಮನ ಕೋಣೆಯ ಬಾಗಿಲಲ್ಲಿ ಇರುವೆ ಸಾಲು. ಮಂಚದ ಕೆಳಗೆ ಖಾಲಿ ಬಾಟಲಿಗಳ ರಾಶಿ. ಒಂದರ ತಳದಲ್ಲಿ ಕಿತ್ತಳೆ ಬಣ್ಣದ ಅಂಟು, ಅಂಟಿನಲ್ಲಿ ಸತ್ತ ಜಿರಲೆ. ಕಾಲಿಟ್ಟಲ್ಲೆಲ್ಲ ಚಪ್ಪಲಿ ಪಚಪಚ. ಊಟ ಸೇರಲಿಲ್ಲ.

ಮಾರ್ಚ್ ೬, ಗುರುವಾರ

ಹೇಳಿ ಹೇಳಿ ಸಾಕಾಗಿ ಇವತ್ತು ಅವನ ಬಾಟಲಿಯನ್ನೇ ಪಾತ್ರೆಗೆ ಸುರಿದು ಒಲೆ ಮೇಲಿಟ್ಟೆ. ನೀರೆಲ್ಲ ಇಂಗಿ ತಳದಲ್ಲಿ ಉಳಿದದ್ದು ಡಾಂಬರು. ತಂದು ಅವನ ಮುಖದ ಮುಂದೆ ಹಿಡಿದೆ. "ನೋಡು, ನೀನು ಕುಡಿಯೋದು ಇದನ್ನ."

"ಏನಕ್ಕ, ಸೈನ್ಸ್ ಪ್ರಾಜೆಕ್ಟಾ?" ಬೆರಳದ್ದಿ ನೆಕ್ಕಿದ. ನಾಲಿಗೆ ಚಾಚಿ ತೋರಿಸಿದ — ಕಿತ್ತಳೆ ಬಣ್ಣ. ಛೀ.

ಅಮ್ಮ ಅವನ ಕಡೆಗೇ. "ದುಡಿಯೋ ಹುಡುಗ, ಏನೋ ಕುಡಿದ್ರೆ ಕುಡೀಲಿ ಬಿಡೇ. ಹೆಂಡ ಕುಡೀತಾನಾ?"

ಪಾತ್ರೆಯ ಕಲೆ ಎಷ್ಟು ಉಜ್ಜಿದರೂ ಹೋಗಲಿಲ್ಲ. ಅಮ್ಮ ಬೈದದ್ದು ನನ್ನನ್ನೇ.

ಮಾರ್ಚ್ ೯, ಭಾನುವಾರ

ಚಿಕ್ಕಮ್ಮ ಬಂದಿದ್ದರು. ಎಲ್ಲರೂ ಊಟಕ್ಕೆ ಕೂತಿದ್ದೆವು. ತಮ್ಮ ಅಗಿಯುವುದನ್ನು ನಿಲ್ಲಿಸಿ ತುತ್ತನ್ನು ಅಂಗೈಗೆ ಉಗಿದ. ಅನ್ನದ ನಡುವೆ ಕಪ್ಪಗಿನ ಚೂರು. ಮುಂದಿನ ಹಲ್ಲು — ಅರ್ಧಕ್ಕೆ ಮುರಿದಿತ್ತು. ಇಪ್ಪತ್ತೆರಡು ವರ್ಷದವನ ಹಲ್ಲು, ಮೆತ್ತಗಿನ ಅನ್ನಕ್ಕೆ.

ಕ್ಲಿನಿಕ್ಕಿನಲ್ಲಿ ಇಡೀ ವಾರ ನೋಡಿದ್ದು ನಮ್ಮ ಊಟದ ಮೇಜಿಗೇ ಬಂದ ಹಾಗಾಯಿತು. ನಾಲಿಗೆಗೆ ಲಗಾಮು ಇರಲಿಲ್ಲ.

"ನಿನ್ನ ಬಾಯಿ ನೋಡಿದ್ರೆ ವಾಂತಿ ಬರುತ್ತೆ ಕಣೋ. ನಿನ್ನ ಜೊತೆ ಕೂತು ಉಣ್ಣೋಕೂ ಆಗಲ್ಲ."

ಚಿಕ್ಕಮ್ಮ ತಟ್ಟೆಯನ್ನೇ ನೋಡುತ್ತಾ ಕೂತರು. ಅವನು ತಟ್ಟೆ ಎತ್ತಿಕೊಂಡು ಕೋಣೆಗೆ ಹೋದ.

ಮಾರ್ಚ್ ೧೦, ಸೋಮವಾರ

ತಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅಮ್ಮನ ಜೊತೆ ಮಾತಾಡುವಾಗಲೂ ಬಾಯಿಗೆ ಕೈ ಅಡ್ಡ.

ಮಾರ್ಚ್ ೨೧, ಶುಕ್ರವಾರ

ತಮ್ಮ ಕೆಲಸ ಮಾಡುವ ಪಾರ್ಸೆಲ್ ಗೋಡೌನಿನವರು ಹಲ್ಲಿನ ಕ್ಯಾಂಪ್ ಮಾಡಿಸುತ್ತಾರಂತೆ. ನಮ್ಮ ಕ್ಲಿನಿಕ್ಕಿಗೇ ಕರೆ ಬಂತು. ಡಾಕ್ಟರಮ್ಮನಿಗೆ ಖುಷಿ. "ಅಲ್ಲಿರೋರೆಲ್ಲ ಚಿಕ್ಕ ವಯಸ್ಸಿನವರು. ನಾಲ್ಕು ಮಾತು ಹೇಳೋಣ, ಕುಡಿಯೋದು ಕಮ್ಮಿ ಮಾಡಲಿ."

ತಮ್ಮನಿಗೆ ಹೇಳಿದೆ. ಇಷ್ಟು ದಿನಕ್ಕೆ ಬಾಯಿ ಬಿಟ್ಟ, ಗೋಡೆ ಕಡೆ ತಿರುಗಿ. "ನೀನು ಬರಬೇಡ."

ಮಾರ್ಚ್ ೨೫, ಮಂಗಳವಾರ

ಹೋದೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ತಗಡಿನ ಛಾವಣಿ, ಫ್ಯಾನ್ ಗಾಳಿಯೂ ಬಿಸಿ. ಡಬ್ಬಗಳ ಗೋಡೆಗಳ ನಡುವೆ ಹುಡುಗ ಹುಡುಗಿಯರ ಸಾಲು. ಒಬ್ಬೊಬ್ಬರೂ ಬಾಯಿ ತೆರೆದಂತೆ ಅದೇ ಸೀಮೆಸುಣ್ಣ, ಅದೇ ವಾಸನೆ. ತಮ್ಮ ಸಾಲಿನಲ್ಲಿ ಇರಲಿಲ್ಲ.

ಡಾಕ್ಟರಮ್ಮ ಚೆನ್ನಾಗಿಯೇ ಮಾತಾಡಿದರು. ಚಪ್ಪಾಳೆ. ಮೈಕ್ ಕೆಳಗಿಡುವ ಮೊದಲೇ ಸೂಪರ್‌ವೈಸರ್ ಐಸ್ ಡಬ್ಬ ತೆರೆಸಿ ಎಲ್ಲರ ಕೈಗೂ ಒಂದೊಂದು ಬಾಟಲಿ. ಅದೇ ಕಿತ್ತಳೆ.

"ದಿನಾ ಫ್ರೀ ಕೊಡ್ತೀವಿ ಮೇಡಂ. ಹುಡುಗರು ಚುರುಕಾಗಿರ್ತಾರೆ."

ಮೈ ಉರಿದುಹೋಯಿತು. ಪಕ್ಕದಲ್ಲಿ ಸ್ಕ್ಯಾನರ್ ಹಿಡಿದ ಹುಡುಗಿ ಮುಚ್ಚಳ ತಿರುಗಿಸುತ್ತಿದ್ದಳು. ಸಿಟ್ಟೆಲ್ಲ ಅವಳ ಮೇಲೆ ಹೋಯಿತು. "ಈಗ ತಾನೇ ಹೇಳಿದ್ದು ಕಿವಿಗೆ ಬೀಳಲಿಲ್ವಾ? ಬಾಯಾರಿದ್ರೆ ನೀರು ಕುಡೀಬಾರದಾ?"

ಅವಳು ಸಿಟ್ಟಾಗಲಿಲ್ಲ. "ನೀರಾ? ಬನ್ನಿ ಅಕ್ಕ, ನೀವೇ ಕುಡೀರಿ."

ಹಿಂದುಗಡೆ, ಟಾಯ್ಲೆಟ್ ಗೋಡೆಗೆ ಒತ್ತಿ ನೀಲಿ ಡ್ರಮ್ಮು. ಮುಚ್ಚಳ ಎತ್ತಿದಳು. ಒಳಸುತ್ತಲೂ ಹಸಿರು ಲೋಳೆ. ಮೇಲೆ ಕೂದಲು, ಎಣ್ಣೆ ಪೊರೆ. ಕೆಳಗೆ ಕೆಂಪು ಹುಳಗಳು ಮೈ ತಿರುಚುತ್ತಿದ್ದವು. ಚೈನಿಗೆ ಕಟ್ಟಿದ ಲೋಟ, ಅಂಚಿನಲ್ಲಿ ಯಾರ್ಯಾರದೋ ತುಟಿಯ ಜಿಡ್ಡು. ಗೋಡೆ ಹಿಡಿದು ವಾಂತಿ ಮಾಡಿಕೊಂಡೆ.

"ಮನೆಯಿಂದ ತರಬಾರದಾ?"

"ಒಳಗೆ ಬಾಟ್ಲಿ ಬಿಡಲ್ಲ ಅಕ್ಕ. ಅದರಲ್ಲಿ ಸಾಮಾನು ಕದೀತೀವಂತೆ. ಕುಡಿದೂ ಕುಡಿದೂ ಈಗ ಮನೇಲಿ ನೀರು ಕುಡಿದ್ರೂ ಸಪ್ಪೆ ಅನ್ಸುತ್ತೆ."

ತಿರುಗಿದರೆ ಡಬ್ಬ ಹೊತ್ತ ತಮ್ಮ. ನನ್ನನ್ನು ನೋಡಿ ಮುಖ ತಿರುಗಿಸಿದ.

ಆ ಡ್ರಮ್ಮಿನ ನೀರನ್ನೇ ಖಾಲಿ ಬಾಟಲಿಗೆ ತುಂಬಿಕೊಂಡು ಹೋಗಿ ಸೂಪರ್‌ವೈಸರ್ ಮೇಜಿನ ಮೇಲಿಟ್ಟೆ. "ಒಂದು ಗುಟುಕು ಕುಡೀರಿ ಸರ್."

ಮುಖ ಸಿಂಡರಿಸಿದ. "ಇದು ಕೈಕಾಲು ತೊಳೆಯೋ ನೀರಮ್ಮ."

"ಕುಡಿಯೋದು ಎಲ್ಲಿದೆ?"

"ಅದಕ್ಕೇ ಡ್ರಿಂಕ್ಸ್ ಕೊಡ್ತೀವಲ್ಲ."

ಡಾಕ್ಟರಮ್ಮ ಕನ್ನಡಕ ತೆಗೆದು ಆ ಬಾಟಲಿಯನ್ನು ಬೆಳಕಿಗೆ ಹಿಡಿದರು.

ತಮ್ಮ ಡಬ್ಬ ಕೆಳಗಿಟ್ಟು ಮುಂದೆ ಬಂದ. ಬಾಯಿಗೆ ಕೈ ಅಡ್ಡ ಇರಲಿಲ್ಲ. ಮುರಿದ ಹಲ್ಲಿನ ಸಂದಿಯಿಂದ ಗಾಳಿ ಸೋರುತ್ತಿತ್ತು. "ನಂಗೆ ಇನ್ಮೇಲೆ ಇದು ಬೇಡ ಸರ್. ನೀರು ಕೊಡಿ." ಬಾಟಲಿ ತೆರೆಯದೆ ಮೇಜಿನ ಮೇಲಿಟ್ಟ. ಸ್ಕ್ಯಾನರ್ ಹುಡುಗಿ ಇಟ್ಟಳು. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಎಲ್ಲರೂ ಅಲ್ಲ. ಕೆಲವರು ಗಟಗಟ ಕುಡಿದು ಕೆಲಸಕ್ಕೆ ಹೋದರು.

"ರಿಪೋರ್ಟಲ್ಲಿ ನೀರಿನ ವಿಷಯಾನೂ ಬರೀತೀನಿ," ಎಂದರು ಡಾಕ್ಟರಮ್ಮ. ಸೂಪರ್‌ವೈಸರ್ ನೋಡಿದ್ದು ತಮ್ಮನನ್ನು.

ಮಾರ್ಚ್ ೨೬, ಬುಧವಾರ

ಅವನನ್ನು ಲಾರಿ ಲೋಡಿಂಗಿಗೆ ಹಾಕಿದ್ದಾರೆ. ಬೆನ್ನು ಮುರಿಯುವ ಕೆಲಸ. ಅಮ್ಮ ನನ್ನ ಮುಖ ನೋಡುತ್ತಿಲ್ಲ. ಅವನ ಕೋಣೆಗೆ ಹೋದೆ. ಇರುವೆ ಹಾಗೇ ಇವೆ.

"ಅವತ್ತು ಎಲ್ಲರೆದುರಿಗೆ ಹಾಗನ್ನಬಾರದಿತ್ತು ಕಣೋ."

"ವಾಂತಿ ಬರುತ್ತೆ ಅಂದ್ಯಲ್ಲ... ನಿನ್ನೆ ನಿಜವಾಗ್ಲೂ ಬಂತಂತೆ?"

"ಬಂತು."

ಮೂಗಿನಲ್ಲೇ ನಕ್ಕ. ಬಾಯಿ ತೆರೆಯಲಿಲ್ಲ.

ಏಪ್ರಿಲ್ ೮, ಮಂಗಳವಾರ

ಗೋಡೌನಿಗೆ ನೀರಿನ ಫಿಲ್ಟರ್ ಬಂತು. ಡ್ರಮ್ಮು ಹೋಯಿತು. ಬಾಟಲಿ ಈಗಲೂ ಫ್ರೀ, ಆದರೆ ಸಂಜೆಗೆ ಎಷ್ಟೋ ಹಾಗೇ ಉಳಿಯುತ್ತವಂತೆ. ಸ್ಕ್ಯಾನರ್ ಹುಡುಗಿ ದಿನಾ ಎಲ್ಲರನ್ನೂ ಕೂಗಿ ನೀರಿನ ಹತ್ತಿರ ಕರೆಯುತ್ತಾಳಂತೆ. ಬಾಟಲಿ ಬಿಟ್ಟಾಗಿನಿಂದ ತಮ್ಮನಿಗೆ ತಲೆನೋವು, ಸುಮ್ಮಸುಮ್ಮನೆ ಸಿಡುಕು. ಕಸ ಗುಡಿಸುವಾಗ ಮಂಚದ ಕೆಳಗೆ ಒಂದು ಬಾಟಲಿ ಸಿಕ್ಕಿತು. ಹೊಸದು, ಅರ್ಧ ಖಾಲಿ. ಅಸಹ್ಯ ಗಂಟಲವರೆಗೆ ಬಂತು. ನುಂಗಿಕೊಂಡೆ. ಇದ್ದಲ್ಲೇ ಇಟ್ಟು ಬಂದೆ.

ಏಪ್ರಿಲ್ ೧೩, ಭಾನುವಾರ

"ನಾಳೆ ಕ್ಲಿನಿಕ್ಕಿಗೆ ಬರ್ತೀನಿ," ಎಂದ ತಾನಾಗಿಯೇ. "ಆದ್ರೆ ಪೈಪು ಬೇರೆಯವರು ಹಿಡೀಲಿ."

"ಯಾಕೋ?"

"ನಿಂಗೆ ಅಸಹ್ಯ ಆಗುತ್ತೆ."

"ಆಗುತ್ತೆ. ಆದ್ರೂ ನಾನೇ ಹಿಡೀತೀನಿ," ಎಂದೆ.

ಏಪ್ರಿಲ್ ೧೪, ಸೋಮವಾರ

ತಮ್ಮನ ಬಾಯಿ ಎಂದು ವಾಸನೆಗೆ ಗೊತ್ತಾಗುತ್ತದೆಯೇ. ಅದೇ ಕೊಳೆ, ಅದೇ ಕೀವು. ಒಳಗಿನ ಎರಡು ಹಲ್ಲು ಉಳಿಯಲಿಲ್ಲ, ಕಿತ್ತರು. ಮುಂದಿನದಕ್ಕೆ ಆಮೇಲೆ ಕ್ಯಾಪ್. ಉದ್ದಕ್ಕೂ ಅವನ ಕಣ್ಣು ನನ್ನ ಮುಖದ ಮೇಲೇ, ಎಲ್ಲಿ ಮೂಗು ಮುರಿಯುತ್ತೇನೋ ಎಂದು. ಮಾಸ್ಕಿನೊಳಗೆ ಹಲ್ಲು ಕಚ್ಚಿಕೊಂಡಿದ್ದೆ.

ಎಲ್ಲ ಮುಗಿದು ಎದ್ದು ಕೂತ. ಮರಗಟ್ಟಿದ ತುಟಿಯಲ್ಲಿ ಏನೋ ತೊದಲಿದ. ಅರ್ಥವಾಗಲಿಲ್ಲ. ಬಗ್ಗಿ ಬಾಯಿಯ ಹತ್ತಿರ ಕಿವಿ ಇಟ್ಟೆ.

"ನೀಯು... ಅಕ್ಕ, ನೀಯು."

ಲೋಟ ತುಟಿಗೆ ಹಿಡಿದೆ. ಒಂದು ಗುಟುಕು ಒಳಗೆ ಹೋಯಿತು, ಉಳಿದದ್ದು ಜೊಲ್ಲು, ರಕ್ತ ಸೇರಿ ನನ್ನ ಮಣಿಕಟ್ಟಿನ ಮೇಲೆ. ಒರೆಸಿಕೊಳ್ಳಬೇಕು ಎಂದು ಹೊಳೆದದ್ದು ಆಮೇಲೆ, ಬಸ್ಸಿನಲ್ಲಿ, ಅವನು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದ ಮೇಲೆ.